ಎಲೆ ಬಿದ್ದರೂ ಬೆಚ್ಚುವ ಕಾಡು

ಒಂದು ಕಾಡಿನಲ್ಲಿ, ಏಕೆ ಏನು ಎಂದು ಯಾರೂ ಕೇಳದೆ ಪಾಲಿಸುವ ಪದ್ಧತಿಯೊಂದಿತ್ತು. ಅಲ್ಲಿ ಈರಜ್ಜಿ ಎಂಬ ಕಪ್ಪು ಮೋರೆಯ ಮುದಿ ಮುಸುವ ಕೋತಿ ಎತ್ತರದ ಮತ್ತಿಮರದ ತುದಿಯಲ್ಲಿ ಕೂರುತ್ತಿದ್ದಳು. ಪೊದೆಯಲ್ಲಿ ಚಿರತೆಯ ಮೈ ಕಂಡರೆ ಸಾಕು, "ಖಕ್! ಖಕ್!" ಎಂದು ಕೂಗುತ್ತಿದ್ದಳು. ಕೂಗು ಕೇಳಿದ ಕೂಡಲೇ ಕೆಳಗಿದ್ದ ಜಿಂಕೆಗಳು ಬಾಯಲ್ಲಿದ್ದ ಹುಲ್ಲನ್ನೂ ಅಗಿಯದೆ ನಿಂತುಬಿಡುತ್ತಿದ್ದವು. ಮುಂಗಾಲು ಎತ್ತಿ, ಕಿವಿ ನೆಟ್ಟಗೆ ಮಾಡಿ, ಎಲ್ಲವೂ ಒಂದೇ ಕಡೆ ನೋಡುತ್ತಿದ್ದವು. ಇವರು ನನ್ನನ್ನು ನೋಡಿಬಿಟ್ಟರು ಎಂದು ತಿಳಿದ ಚಿರತೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಕದ್ದು ಬರುವವನಿಗೆ ಕಣ್ಣಿಗೆ ಬಿದ್ದ ಮೇಲೆ ಬೇಟೆ ಎಲ್ಲಿಯದು? ಹೀಗಾಗಿ ಮೂರು ಮಳೆಗಾಲದಿಂದ ಆ ಕಾಡಿನಲ್ಲಿ ಯಾರೂ ಚಿರತೆಯ ಬಾಯಿಗೆ ಬಿದ್ದಿರಲಿಲ್ಲ.

ಬಯಲುಸೀಮೆಯಲ್ಲಿ ಹುಲ್ಲು ಒಣಗುವ ಕಾಲಕ್ಕೆ ಈ ಕಾಡಿಗೆ ನೆಂಟರು ಬರುತ್ತಿದ್ದರು. ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಣ್ಣು ತುಂಬಿದ ಎಲಚಿ ರೆಂಬೆಗಳನ್ನು ಕೊಂಬಿಗೆ ಸಿಕ್ಕಿಸಿಕೊಂಡು ತರುತ್ತಿದ್ದರು. ಒಂದು ವರ್ಷ ಯಾಕೋ ನೆಂಟರೇ ಬರಲಿಲ್ಲ. ಬೇರೆ ಕಾಡುಗಳವರು ಅವರನ್ನು ಮೊದಲೇ ಕರೆದುಬಿಟ್ಟಿದ್ದರು. ಮರುವರ್ಷ ಅಲ್ಲಿನ ಹಿರಿಯ ಕಾಡುಕೋಣ ಸಭೆ ಕರೆದು ಕೇಳಿತು: "ನಮ್ಮ ಕಾಡಿನ ಹೆಸರನ್ನು ನಾಲ್ಕು ಕಡೆ ಸಾರೋರು ಯಾರು?"

"ನಾನಿದ್ದೀನಲ್ಲ!" ಎಂದು ಗಿಡ್ಡಯ್ಯ ಎಂಬ ನರಿ ಮುಂದೆ ಬಂದ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರೆ. ಗಿಡ್ಡಯ್ಯನಿಗಂತೂ ಮೈಯೆಲ್ಲ ಬಾಯಿ. ಜೊತೆಗೆ ಎಲಚಿಹಣ್ಣು ಅಂದರೆ ಪಂಚಪ್ರಾಣ.

"ಹುಲ್ಲು ಚೆನ್ನಾಗಿದೆ, ನೀರು ಚೆನ್ನಾಗಿದೆ ಅಂದ್ರೆ ಯಾರೂ ಬರಲ್ಲ. ಎಲ್ಲ ಕಾಡಿನವರೂ ಅದನ್ನೇ ಹೇಳ್ತಾರೆ. ಕೇಳಿದವರು ನಗಬೇಕು. ನಕ್ಕರೆ ಬರ್ತಾರೆ" ಎಂದ ಗಿಡ್ಡಯ್ಯ. ಗಿಳಿಗಳನ್ನು ಸಾಲಾಗಿ ಕೂರಿಸಿ ಒಂದು ಡಂಗುರ ಬಾಯಿಪಾಠ ಮಾಡಿಸಿದ. ಗಿಳಿಗಳು ಕಾಡು ಕಾಡು ತಿರುಗಿ ಅದನ್ನೇ ಸಾರಿದವು:

"ಬನ್ನಿ ಬನ್ನಿ! ಎಲೆ ಬಿದ್ದರೂ ಬೆಚ್ಚುವ ಕಾಡಿಗೆ ಬನ್ನಿ! ಮುದುಕಿ ಕೆಮ್ಮಿದರೆ ನೂರು ಜಿಂಕೆ ಕಾಲೆತ್ತಿ ನಿಲ್ಲುವ ಕಾಡಿಗೆ ಬನ್ನಿ! ಹುಲ್ಲು ಹೊಟ್ಟೆ ತುಂಬ, ನಗು ಪುಕ್ಕಟೆ!"

ಈ ಕಥೆಯನ್ನು ಮೊದಲ ಸಲ ಕೇಳಿದಾಗ ಈ ಜಾಗದಲ್ಲಿ ನಾನೂ ನಕ್ಕಿದ್ದೆ. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಕಾಡಿನವರೂ ಅಂದು ಬಿದ್ದು ಬಿದ್ದು ನಕ್ಕರು. ಈರಜ್ಜಿ ಮಾತ್ರ ಮರದ ಮೇಲಿನಿಂದ ಕೇಳಿದಳು: "ನಮ್ಮವರನ್ನೇ ಆಡಿಕೊಂಡು ನೆಂಟರನ್ನ ಕರೀತೀಯೇನೋ ಗಿಡ್ಡಯ್ಯ?"

"ತಮಾಷೆ ಕಣಜ್ಜಿ. ಇಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ" ಎಂದು ಗಿಡ್ಡಯ್ಯ ಬಾಲ ಕುಣಿಸಿದ.

ಡಂಗುರ ಫಲಿಸಿತು. ಹಿಂದೆಂದೂ ಈ ಕಾಡಿಗೆ ಬಾರದಿದ್ದ ಕೃಷ್ಣಮೃಗಗಳ ದೊಡ್ಡ ಹಿಂಡೇ ಬಯಲಿನಿಂದ ಬಂತು. ಹಿಂಡಿನ ಯಜಮಾನ ಬಾಳಪ್ಪ. ಎಲ್ಲರಿಗಿಂತ ಚಿಕ್ಕವಳು ನೀಲವ್ವ. ತಾಯಿಯನ್ನು ಬಿಟ್ಟು ಮೊದಲ ಸಲ ಊರು ನೋಡಲು ಹೊರಟವಳು. ಬಯಲಿನಲ್ಲಿ ಹರದಾರಿ ದೂರದಲ್ಲಿ ಬರುವವನೂ ಕಣ್ಣಿಗೆ ಕಾಣುತ್ತಾನೆ. ಕೂಗಿ ಎಚ್ಚರಿಸುವ ಪದ್ಧತಿ ಅವರಿಗೆ ಗೊತ್ತೇ ಇರಲಿಲ್ಲ. ಮೊದಲ ದಿನವೇ ಈರಜ್ಜಿ ಕೂಗಿದಳು. ಜಿಂಕೆಗಳು ಕಾಲೆತ್ತಿ ನಿಂತವು. ಎಷ್ಟು ಹೊತ್ತಾದರೂ ಯಾವ ಚಿರತೆಯೂ ಬರಲಿಲ್ಲ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಲ್ಲೈತ್ರಿ ನಿಮ್ಮ ಚಿರತಿ?" ಎಂದು ಬಾಳಪ್ಪ ಕೇಳಿದ.

"ಹೋಯ್ತು" ಎಂದಿತು ಒಂದು ಜಿಂಕೆ.

"ಬರೂದಕ್ಕ ಮೊದ್ಲ ಹೋತೇನು?"

ಮತ್ತೆ ನಗು. ನಾವು ನಿಂತು ನೋಡಿದ್ದರಿಂದಲೇ ಅದು ಹೋಯಿತು ಎಂದು ಜಿಂಕೆ ಹೇಳಬಹುದಿತ್ತು. ಆದರೆ ನಗುವವರ ಮುಂದೆ ನಿಜ ಹೇಳಿದರೆ ಅದೂ ಸಬೂಬಿನ ಹಾಗೆ ಕೇಳಿಸುತ್ತದೆ. ಜಿಂಕೆ ತಲೆ ತಗ್ಗಿಸಿ ಮೇಯತೊಡಗಿತು.

ಗಿಡ್ಡಯ್ಯನಿಗೆ ಸುಗ್ಗಿಯೋ ಸುಗ್ಗಿ. ದಿನವೂ ಎಲಚಿಹಣ್ಣು ಮೆಲ್ಲುತ್ತ ಬಂಡೆಯ ಮೇಲೆ ನಿಂತು ಈರಜ್ಜಿಯ ಹಾಗೆ ಕಣ್ಣು ಬಿಡುತ್ತಿದ್ದ. ಜಿಂಕೆಯ ಹಾಗೆ ಒಂದು ಕಾಲೆತ್ತಿ ಗಡಗಡ ನಡುಗಿ ತೋರಿಸುತ್ತಿದ್ದ. ನೋಡಿ ನೋಡಿ ಜಿಂಕೆಗಳಿಗೆ ತಮ್ಮ ಮೇಲೆ ತಮಗೇ ನಾಚಿಕೆ ಹುಟ್ಟಿತು. ನೆಂಟರು ಎದುರಿಗಿದ್ದಾಗ ಕೂಗು ಕೇಳಿದರೂ ಕಾಲೆತ್ತದೆ, ಹುಲ್ಲು ಮೇಯುವ ನಟನೆ ಮಾಡತೊಡಗಿದವು. ಮಕ್ಕಳು ಕಿವಿ ನಿಮಿರಿಸಿದರೆ ತಾಯಂದಿರೇ, "ಸುಮ್ನಿರು, ನೋಡಿದ್ರೆ ನಗ್ತಾರೆ" ಎಂದು ಗದರುತ್ತಿದ್ದರು.

ಈರಜ್ಜಿಗೂ ಅವಮಾನವಾಗುತ್ತಿತ್ತು. "ಕೂಗಿದ್ರೆ ನಗ್ತಾರೆ, ಕೂಗದಿದ್ರೆ ಸಾಯ್ತಾರೆ. ನಗಲಿ ಬಿಡು" ಎಂದು ತನಗೆ ತಾನೇ ಹೇಳಿಕೊಂಡು ಕೂಗುತ್ತಲೇ ಇದ್ದಳು.

ಒಂದು ಬೆಳಿಗ್ಗೆ ನೆಂಟರೆಲ್ಲ ಉಪ್ಪುಮಣ್ಣು ನೆಕ್ಕಲು ಹಳ್ಳದ ದಡಕ್ಕೆ ಬಂದರು. ಗಿಡ್ಡಯ್ಯ ಪಕ್ಕದಲ್ಲೇ ಇದ್ದ. ಆಗ ಮತ್ತಿಮರದಿಂದ ಕೂಗು ಬಂತು. "ಖಕ್! ಖಕ್! ಖಕ್!" ಈ ಸಲ ಅದು ನಿಲ್ಲಲೇ ಇಲ್ಲ. ಜಿಂಕೆಗಳು ಒಂದರ ಮುಖ ಒಂದು ನೋಡಿ ತಲೆ ತಗ್ಗಿಸಿದವು. ಗಿಡ್ಡಯ್ಯನ ಕತ್ತಿನ ಕೂದಲು ನಿಮಿರಿತು. ಅವನು ಹುಟ್ಟಿ ಬೆಳೆದದ್ದು ಅದೇ ಕಾಡಿನಲ್ಲಿ. ಅವನಿಗೆ ಗೊತ್ತಿಲ್ಲದೆಯೇ ಅವನ ಬಲಗಾಲು ಮೇಲೆದ್ದಿತು.

ಚಿರತೆ ಹತ್ತಿರದಲ್ಲೇ ಇದೆ ಎಂದು ಅವನಿಗೆ ತಿಳಿಯಿತು. "ಓಡಿ" ಎಂದರೆ ಸಾಕಿತ್ತು. ಆದರೆ ಹಾಗೆ ಅಂದರೆ ಇಷ್ಟು ದಿನ ಯಾರನ್ನು ಆಡಿಕೊಂಡನೋ ಅವರಲ್ಲಿ ತಾನೂ ಒಬ್ಬನಾಗುತ್ತಿದ್ದ. ನೆಂಟರೆಲ್ಲ ನಗಲು ಸಿದ್ಧರಾಗಿ ಅವನ ಬಾಯನ್ನೇ ನೋಡುತ್ತಿದ್ದರು. ಗಿಡ್ಡಯ್ಯ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟ.

"ಅಜ್ಜಿಗೆ ಇವತ್ತು ಕೆಮ್ಮು ಜಾಸ್ತಿ!" ಎಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನೀಲವ್ವ ನಕ್ಕಳು. ತನ್ನತ್ತ ಯಾರೂ ನೋಡುತ್ತಿಲ್ಲ ಎಂದು ಕಂಡ ಚಿರತೆ ಆ ದಿನ ಹಿಂದಕ್ಕೆ ಹೋಗಲಿಲ್ಲ. ಒಂದೇ ನೆಗೆತಕ್ಕೆ ಹಿಂಡಿನ ಮೇಲೆ ಬಿತ್ತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ನಗುತ್ತಲೇ ಇದ್ದ ನೀಲವ್ವನಿಗೆ ಓಡಲು ಹೊತ್ತು ಸಿಗಲಿಲ್ಲ. ಚಿರತೆ ಅವಳನ್ನು ಪೊದೆಯೊಳಗೆ ಎಳೆದುಕೊಂಡು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಉಳಿದವರು ಮತ್ತಿಮರದ ಕೆಳಗೆ ಸೇರಿದರು. ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ. ಬಾಳಪ್ಪ ನೇರವಾಗಿ ನರಿಯ ಮುಂದೆ ಬಂದು ನಿಂತ.

"ಗಿಡ್ಡಯ್ಯ, ನಿನಗ ಗೊತ್ತಿತ್ತೇನು?"

"ಅಯ್ಯೋ, ನನಗೇನು ಗೊತ್ತು ಯಜಮಾನ್ರೇ? ನಾನೂ ನಿಮ್ಮ ಜೊತೆಗೇ ನಗ್ತಾ ಇದ್ನಲ್ಲ..."

"ನಿನ್ನ ಕಾಲು ಎದ್ದಿತ್ತು. ನಾ ನೋಡೀನಿ."

ಗಿಡ್ಡಯ್ಯ ಸಹಾಯಕ್ಕಾಗಿ ಜಿಂಕೆಗಳ ಕಡೆ ತಿರುಗಿದ. ಅವು ನೆಲ ನೋಡುತ್ತಿದ್ದವು. ಕೂಗು ಕೇಳಿಯೂ ಮೇಯುತ್ತ ನಿಂತದ್ದು ಅವುಗಳಿಗೂ ನೆನಪಿತ್ತು.

"ಇಷ್ಟು ದಿನ ಆಡಿದೆಯಲ್ಲೋ, ಈಗ ಮಾತಾಡು" ಎಂದಳು ಈರಜ್ಜಿ. ಅವಳ ಗಂಟಲು ಕೂಗಿ ಕೂಗಿ ಒಡೆದಿತ್ತು.

ಬಾಳಪ್ಪ ಹೇಳಿದ: "ಅಕಿ ಅವ್ವ ಅಲ್ಲಿ ದಾರಿ ಕಾಯಾಕತ್ತಾಳ. ನಾನೂ ನಕ್ಕಾಂವನ. ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನ ಬಂದು ಹೇಳು."

ಗಿಡ್ಡಯ್ಯ ಹಿಂಡಿನ ಹಿಂದೆ ಮೂರು ದಿನ ನಡೆದ. ದಾರಿಯ ಕಾಡುಗಳಲ್ಲೆಲ್ಲ ಗಿಳಿಗಳು ಅದೇ ಡಂಗುರ ಸಾರುತ್ತಿದ್ದವು. ಅವನನ್ನು ಕಂಡ ಕಂಡವರೆಲ್ಲ, "ಓಹೋ, ಎಲೆ ಬಿದ್ದರೂ ಬೆಚ್ಚುವ ಕಾಡಿನವನು ಬಂದ!" ಎಂದು ಕೊಂಬೆ ಅಲ್ಲಾಡಿಸಿ ತಲೆಯ ಮೇಲೆ ಎಲೆ ಉದುರಿಸಿದರು. "ನಿಲ್ಲಿಸಿ, ಅದು ಸುಳ್ಳು" ಎಂದ ಗಿಡ್ಡಯ್ಯ. ಅದಕ್ಕೂ ನಕ್ಕರು. ತನ್ನ ಕಾಡನ್ನೆಲ್ಲ ಆಡಿಕೊಂಡವನು ತಾನೂ ಆ ಕಾಡಿನವನೇ ಎಂಬುದನ್ನು ಮರೆತಿದ್ದ.

ಬಯಲಿನ ಅಂಚಿನ ಜಾಲಿಮರದ ಕೆಳಗೆ ನೀಲವ್ವನ ತಾಯಿ ಗುರವ್ವ ನಿಂತಿದ್ದಳು. ಹಿಂಡು ದೂರದಲ್ಲೇ ನಿಂತಿತು. ಗಿಡ್ಡಯ್ಯ ಒಬ್ಬನೇ ಅವಳ ಹತ್ತಿರ ಹೋದ.

"ಬಾ ತಮ್ಮಾ" ಎಂದಳು ಗುರವ್ವ. "ನೀ ಆ ಕಾಡಿನಾಂವ ಅಲ್ಲೇನು? ಎಲಿ ಬಿದ್ರೂ ಎಚ್ಚರಾಗೋ ಕಾಡು ಅಂತ ಗಿಳಿ ಹೇಳ್ತು. ಇಲ್ಲಿ ಎಲ್ಲಾರೂ ನಕ್ರು. ನನಗ ನಗು ಬರಲಿಲ್ಲ. ಅಷ್ಟು ಜ್ವಾಕಿ ಇರೋ ಮಂದಿ ನಡುವ ನನ್ನ ಮಗಳಿಗೆ ಏನೂ ಆಗೂದಿಲ್ಲ ಅಂತ ಧೈರ್ಯ ಬಂತು. ಅದಕ್ಕ ಕಳಿಸಿದೆ. ಎಲ್ಲಿ ಅಕಿ?"

ಗಿಡ್ಡಯ್ಯನ ಕಾಲು ನಡುಗಿತು. ಈ ಸಲ ಅದು ನಟನೆಯಾಗಿರಲಿಲ್ಲ.

"ತಾಯೀ, ನಮ್ಮ ಕಾಡು ನೀವು ಅಂದುಕೊಂಡ ಹಾಗೇ ಇತ್ತು" ಎಂದ. "ನಾನು ಅದನ್ನ ಕೆಡಿಸಿದೆ. ಚಿರತೆ ಬಂದದ್ದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ಮಗಳನ್ನ ನಗಿಸ್ತಾ ನಿಂತೆ."

ಗುರವ್ವ ಬೈಯಲಿಲ್ಲ, ಹಾಯಲಿಲ್ಲ. ಅವನನ್ನೇ ನೋಡುತ್ತ ನಿಂತಳು. ಗಿಡ್ಡಯ್ಯ ಮೂತಿಯನ್ನು ಮಣ್ಣಿಗೆ ಒತ್ತಿ ಮಲಗಿದ. ಅವಳು ಹೋದ ಮೇಲೂ ಅವನಿಗೆ ತಲೆ ಎತ್ತಲಾಗಲಿಲ್ಲ.

ನೀತಿ: ಬಂದವರು ನಗಲಿ ಎಂದು ನಮ್ಮವರನ್ನೇ ಆಡಿಕೊಂಡರೆ ನಮ್ಮವರ ಮಾನವೂ ಉಳಿಯದು, ಬಂದವರ ಪ್ರಾಣವೂ ಉಳಿಯದು.