ಹನ್ನೆರಡು ಸುರುಳಿ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗಯ್ಯನವರು ಗಣಿತ ಕಲಿಸುತ್ತಿದ್ದರು. ಅಂಕಗಣಿತಕ್ಕೆ ಹದಿಮೂರು ಓಲೆ, ಓಲೆಗೊಂದು ಪಾಠ. ಯಾರು ಬೇಕಾದರೂ ಬಂದು, ಎಷ್ಟು ದಿನ ಬೇಕಾದರೂ ಹಿಡಿದು ಕಲಿಯಬಹುದಿತ್ತು.

ಲೆಕ್ಕ ಬಿಡಿಸಿದವರು ಪ್ರಶ್ನೆಯನ್ನೂ ಉತ್ತರವನ್ನೂ ಓಲೆಯಲ್ಲಿ ಬರೆದು, ಸುರುಳಿ ಸುತ್ತಿ, ಗೋಡೆಯಲ್ಲಿದ್ದ ತಮ್ಮ ಮೊಳೆಗೆ ತೂಗುಹಾಕುತ್ತಿದ್ದರು. ತಾವಾಗಿ ತೋರಿಸಿದರೆ ಮಾತ್ರ ಗುರುಗಳು ನೋಡುತ್ತಿದ್ದರು. ಮುಗಿಯಿತು ಎಂದವರನ್ನು ನಂಬುತ್ತಿದ್ದರು.

ಬೀಜಗಣಿತದ ಓಲೆಗಳ ಕಟ್ಟು ಒಂದೇ ಇತ್ತು. ಹದಿಮೂರನ್ನೂ ಮೊದಲು ಮುಗಿಸಿದವರಿಗೆ ಅದು ಒಂದು ವರ್ಷದ ಮಟ್ಟಿಗೆ ಸಿಗುತ್ತಿತ್ತು.

ಮಲ್ಲರಸನಿಗೆ ಅದು ಬೇಕಿತ್ತು. ಅವನ ಮೊಳೆಯಲ್ಲಿ ಏಳು ಸುರುಳಿ. ಅವನಿಗಿಂತ ತಡವಾಗಿ ಸೇರಿದ ಕುಂಬಾರ ನಿಂಗವ್ವನ ಮೊಳೆಯಲ್ಲಿ ಹನ್ನೆರಡು.

ದಿನವೂ ಬೆಳಿಗ್ಗೆ ಅವನು ತನ್ನವನ್ನು ನೋಡುವ ಮೊದಲು ಅವಳವನ್ನು ಎಣಿಸುತ್ತಿದ್ದ. ಗುರುಗಳು ಅವಳಿಗೆ ಗುಟ್ಟಾಗಿ ಹೇಳಿಕೊಡುತ್ತಿರಬೇಕು ಎಂದು ಹೊಳೆಗೆ ಬಂದವರೊಡನೆಲ್ಲ ಹೇಳಿದ.

“ನನ್ನ ಮೊಳೆ ನೋಡಿ ನೋಡಿ ನಿನಗೆ ಕತ್ತು ನೋಯುವುದಿಲ್ಲವೇನಪ್ಪಾ?” ಎಂದು ನಿಂಗವ್ವ ಒಮ್ಮೆ ಕೇಳಿದಳು.

ಅವಳಿಗೆ ಇನ್ನೊಂದೇ ಉಳಿದಿದೆ ಎಂದುಕೊಂಡು, ಅವನು ಅಂದೇ ಆರು ಖಾಲಿ ಓಲೆಗಳನ್ನು ಸುತ್ತಿ ತನ್ನ ಮೊಳೆಗೆ ಹಾಕಿದ. ಗುರುಗಳ ಬಳಿ ಹೋಗಿ, ಮುಗಿಯಿತು ಎಂದ.

ಗುರುಗಳು ಏನೂ ಕೇಳದೆ ಬೀಜಗಣಿತದ ಕಟ್ಟನ್ನು ಕೊಟ್ಟರು.

ಮೂರನೆಯ ದಿನ ಅವನು ಮರಳಿ ಬಂದ. ಮೊದಲ ಲೆಕ್ಕವೇ ಬಗೆಹರಿದಿರಲಿಲ್ಲ. ಒಂದು ರಾಶಿಗೆ ಅದರದೇ ಮೂರನೇ ಒಂದು ಭಾಗ ಕೂಡಿದರೆ ಇಪ್ಪತ್ತಾಗುತ್ತದೆ, ರಾಶಿ ಎಷ್ಟು? ಭಿನ್ನ ಕೂಡಿಸುವುದು ಎಂಟನೇ ಓಲೆಯ ಪಾಠ. ಅದನ್ನು ಅವನು ಖಾಲಿ ಬಿಟ್ಟಿದ್ದ.

“ಇದು ನಿಂಗವ್ವನಿಂದಲೂ ಆಗದು,” ಎಂದ.

“ಅವಳದು ಎಷ್ಟಾಗಿದೆ?” ಎಂದು ಗುರುಗಳು ಕೇಳಿದರು.

“ಹನ್ನೆರಡು. ದಿನವೂ ಎಣಿಸಿದ್ದೇನೆ.”

“ಅಷ್ಟು ದಿನ ಎಣಿಸಿದವನು ಒಂದು ಸಲ ಓದು. ಬಿಚ್ಚು.”

ಮಲ್ಲರಸ ಬಿಚ್ಚಿದ. ಮೊದಲ ಮೂರು ಓಲೆ ಸರಿಯಾಗಿದ್ದವು. ನಾಲ್ಕನೆಯದರಲ್ಲಿ ಹೀಗಿತ್ತು: ಒಂದು ರೊಟ್ಟಿ, ಮೂವರು ಮಕ್ಕಳು, ಒಬ್ಬರಿಗೆ ಎಷ್ಟು? ಕೆಳಗೆ ನಿಂಗವ್ವನ ದುಂಡನೆಯ ಅಕ್ಷರದಲ್ಲಿ ಉತ್ತರ: ನಾಲ್ಕರಲ್ಲಿ ಒಂದು ಪಾಲು.

ಐದನೆಯದನ್ನು ಬಿಚ್ಚಿದ. ಅದೇ ಪ್ರಶ್ನೆ, ಅದೇ ಉತ್ತರ. ಆರನೆಯದೂ ಅದೇ. ಹನ್ನೆರಡರವರೆಗೂ ಅದೇ.

ಅವನಿಗೆ ನಗು ಬಂತು. “ಒಂಬತ್ತು ಸಲ ಬರೆದಿದ್ದಾಳೆ. ಒಂಬತ್ತೂ ತಪ್ಪು. ಇವಳ ಹಿಂದೆಯೇ ನಾನು ಓಡಿದ್ದು?”

“ಅವಳಿಗೆ ನಾಲ್ವರು ಮಕ್ಕಳಿದ್ದರು,” ಎಂದರು ಗುರುಗಳು. “ಹೋದ ಚಳಿಗಾಲದವರೆಗೆ.”

ಮಲ್ಲರಸನ ಕೈಯಲ್ಲಿದ್ದ ಓಲೆ ತಾನಾಗಿ ಸುರುಳಿಯಾಯಿತು.

ಅವನು ಕೇಳಿದ: “ತಪ್ಪು ಎಂದು ನೀವು ಹೇಳಲಿಲ್ಲವೇ?”

“ಅವಳೇ ತಂದು ತೋರಿಸಿದ್ದಾಳೆ. ಅವಳಿಗೆ ಗೊತ್ತು. ಅದಕ್ಕೇ ಮತ್ತೆ ಮತ್ತೆ ಬರೆಯುತ್ತಾಳೆ.”

ಅವನು ಅವಳ ಹನ್ನೆರಡನ್ನೂ ಮೊದಲಿದ್ದಂತೆಯೇ ಸುತ್ತಿ ತೂಗುಹಾಕಿದ. ತನ್ನ ಮೊಳೆಯಿಂದ ಆರು ಖಾಲಿ ಸುರುಳಿಗಳನ್ನು ತೆಗೆದು, ಬೀಜಗಣಿತದ ಕಟ್ಟಿನ ಜೊತೆ ಗುರುಗಳ ಮುಂದಿಟ್ಟ.

ಗುರುಗಳು ಅವುಗಳಲ್ಲೊಂದನ್ನು ಬಿಚ್ಚಿ, ಅಂಗೈಯಿಂದ ನೇರಮಾಡಿ, ಅವನ ಕೈಗೆ ಕೊಟ್ಟರು.

“ಅವಳು ತನ್ನ ನಡಿಗೆಯಲ್ಲಿ ನಾಲ್ಕರಿಂದ ಮೂರಕ್ಕೆ ಬರಲಿ. ನೀನು ಏಳರಿಂದ ಎಂಟಕ್ಕೆ ಬಾ.”