ಕಿವಿಗೊಡದ ಜಾಗ

“ಗುರುಗಳೇ, ನನ್ನ ಭಯ ಎಲ್ಲಿಂದ ಬರುತ್ತಿದೆ?” ಎಂದು ಶಿಷ್ಯ ಕೇಳಿದ.

ಅವನನ್ನು ಅಣ್ಣ ಮಠಕ್ಕೆ ಕರೆತಂದು ಬಿಟ್ಟು ಎಂಟು ತಿಂಗಳಾಗಿತ್ತು. ಊಟಕ್ಕೆ ಕೂತರೂ ಭಯ, ಯಾರಾದರೂ ಹೆಸರು ಹಿಡಿದು ಕರೆದರೂ ಭಯ. ತನ್ನೊಳಗೆಲ್ಲ ಹುಡುಕಿ ನೋಡಿದ್ದೇನೆ ಎಂದ. ಸಾವೇ? ಅಲ್ಲ. ತಾಯಿಯ ಕಾಯಿಲೆಯೇ, ತಂಗಿಯ ಮದುವೆಯೇ, ಅರ್ಧಕ್ಕೆ ಬಿಟ್ಟ ಓದೇ? ಒಂದೊಂದನ್ನೂ ತೂಗಿ ನೋಡಿದೆ, ಯಾವುದೂ ಅಲ್ಲ ಎಂದ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪೇಟಿ ರಿಪೇರಿಯವನಿದ್ದ. ನಾಟಕ ಕಂಪನಿಗಳ ಹಾರ್ಮೋನಿಯಂ ಕೆಟ್ಟರೆ ಅವನಿಗೇ ಹೇಳಿ ಕಳಿಸುತ್ತಿದ್ದರು. ಟೆಂಟಿನ ಕೊನೆಯ ಸಾಲಿನಲ್ಲಿ ಕೂತು, ಎಷ್ಟನೆಯ ಸ್ವರ ಕೂದಲೆಳೆಯಷ್ಟು ಇಳಿದಿದೆ ಎಂದು ಹೇಳುವಂಥ ಕಿವಿ ಅವನದು. ಊರೂರು ಸುತ್ತುವ ಕಸುಬು. ಹೆಂಡತಿಗೆ ತವರಿನಿಂದ ಬಂದಿದ್ದ ಮನೆಯನ್ನು ಮಾರಿಸಿ ಒಂದು ಹಳೆಯ ಡೀಸೆಲ್ ಬಸ್ಸು ಕೊಂಡ. ಸೀಟು ಕಿತ್ತು ಮಂಚ ಹಾಕಿದ, ಒಲೆ ಇಟ್ಟ, ನೀರಿನ ಡ್ರಮ್ಮು ಕಟ್ಟಿದ. ಹೆಂಡತಿಗೆ ಮನಸ್ಸಿರಲಿಲ್ಲ. “ಇಂಜಿನ್ ನಿಂತ್ರ ಮನೀನೂ ನಿಂತಂಗ ಅಲ್ಲೇನ್ರಿ?” ಎಂದಳು. ಅವನು ನಕ್ಕುಬಿಟ್ಟ. ಆರು ವರ್ಷ ಇಬ್ಬರೂ ಆ ಬಸ್ಸಿನಲ್ಲಿ ಸುಖವಾಗಿಯೇ ಇದ್ದರು.

ಆಮೇಲೆ ಸದ್ದು ಶುರುವಾಯಿತು.

ಇಂಜಿನ್ ಬಿಸಿಯಾದ ಮೇಲೆ, ಏರು ಹತ್ತುವಾಗ, ಟಕ್ ಟಕ್ ಟಕ್. ಯಾರೋ ಒಳಗೆ ಸಿಕ್ಕಿಕೊಂಡು ಬಡಿಯುತ್ತಿರುವ ಹಾಗೆ. “ಏನ್ರೀ ಅದು ಸಪ್ಪಳ?” ಎಂದು ಹೆಂಡತಿ ಕೇಳಿದಳು. “ರಸ್ತಾ ಕೆಟ್ಟೈತಿ, ಸುಮ್ನ ಕುಂದ್ರು” ಎಂದ. ರಸ್ತೆ ಆ ವರ್ಷವಷ್ಟೇ ಹೊಸದಾಗಿ ಹಾಕಿದ್ದು.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಮುಂದೆ ಏರು ಕಂಡರೆ ಸುತ್ತಿನ ದಾರಿ ಹುಡುಕುತ್ತಿದ್ದ. ಹಾಗೆಂದು ಸುಮ್ಮನಿದ್ದನೇ? ಇಲ್ಲ. ಮೂರು ಊರುಗಳಲ್ಲಿ ಮೂರು ಗ್ಯಾರೇಜಿಗೆ ಹೋದ. ಹೋಗುವಾಗ ಮಾತ್ರ ಸದ್ದು ಏಳದಷ್ಟು ಮೆಲ್ಲಗೆ ಓಡಿಸಿಕೊಂಡು ಹೋಗುತ್ತಿದ್ದ. ಒಬ್ಬನಿಗೆ ಬೆಲ್ಟು ನೋಡು ಎಂದ. ಅವನು ಬೆಲ್ಟು ಬದಲಿಸಿದ. ಇನ್ನೊಬ್ಬನಿಗೆ ಟ್ಯಾಪೆಟ್ ಇರಬೇಕು ಎಂದ. ಅವನು ಟ್ಯಾಪೆಟ್ ಸರಿ ಮಾಡಿದ. ಮೂರನೆಯವನು ಹೇಳಿಸಿಕೊಂಡು ಡೀಸೆಲ್ ಪಂಪು ಬಿಚ್ಚಿ ತೊಳೆದ. ತನ್ನ ರೋಗಕ್ಕೆ ತಾನೇ ಹೆಸರಿಟ್ಟು ಔಷಧಿ ಕೇಳುವ ಮಹಾ ಬುದ್ಧಿವಂತ ಅವನು! ಪ್ರತಿ ಸಲ ಎರಡು ದಿನ ನೆಮ್ಮದಿ. ಮೂರನೆಯ ದಿನ ಮತ್ತೆ ಟಕ್ ಟಕ್.

ಕೊನೆಗೆ ಘಟ್ಟ ಹತ್ತಲೇಬೇಕಾದ ದಿನ ಬಂತು. ಮೇಲಿನ ಊರಿನಲ್ಲಿ ಕಂಪನಿ ಕಾಯುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಘಟ್ಟದ ಬುಡಕ್ಕೆ ಬಂದಾಗ ಅವನ ಕಾಲು ಆಕ್ಸಿಲರೇಟರ್ ತುಳಿಯಲು ಒಪ್ಪಲಿಲ್ಲ. ಅಲ್ಲೇ ಒಂದು ಸಣ್ಣ ಗ್ಯಾರೇಜಿತ್ತು. ಬಸ್ಸನ್ನು ಅದರ ಮುಂದೆ ನಿಲ್ಲಿಸಿದ.

ಮೇಸ್ತ್ರಿ ವಯಸ್ಸಾದವನು. ಬಸ್ಸಿನೊಳಗೆ ಬಿಚ್ಚಿಟ್ಟಿದ್ದ ಪೇಟಿಗಳ ಮೇಲೆ ಒಮ್ಮೆ ಕಣ್ಣಾಡಿಸಿದ. ಇವನು ಬೆಲ್ಟಿನ ಮಾತು ತೆಗೆಯುವ ಮೊದಲೇ ಅವನು ಇಂಜಿನ್ ಶುರು ಮಾಡಿ, ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದು ಇವನ ಕೈಗೆ ಕೊಟ್ಟ. ಅದರ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಗೆ ಕಿವಿ ಹಚ್ಚಿದರೆ ಒಳಗಿನ ಸದ್ದು ಬೇರೆ ಬೇರೆಯಾಗಿ ಕೇಳುತ್ತದೆ.

“ನನ್ನ ಕಿವಿ ಹೋಗ್ಯಾವ ತಮ್ಮಾ. ನಿಂದು ಪೇಟಿ ಕೇಳೋ ಕಿವಿ. ನೀನ ಹುಡುಕು” ಎಂದ.

ಮೇಸ್ತ್ರಿ ಇಂಜಿನ್ ಜೋರು ಮಾಡಿದ. ಸದ್ದು ಎದ್ದಿತು. ಹೆಂಡತಿ ಕೆಳಗಿಳಿದು ಬಂದು ನಿಂತಳು. ಪೇಟಿಯವನು ಸ್ಕ್ರೂಡ್ರೈವರನ್ನು ಟ್ಯಾಪೆಟ್ ಮುಚ್ಚಳದ ಮೇಲಿಟ್ಟ, ಪಂಪಿನ ಮೇಲಿಟ್ಟ, ಡೈನಮೋ ಮೇಲಿಟ್ಟ. ಎರಡೂ ಪಕ್ಕಕ್ಕೆ ಹೋಗಿ ಬಗ್ಗಿ ಬಗ್ಗಿ ಕೇಳಿದ. ಬೆವರು ಕಣ್ಣಿಗಿಳಿಯಿತು. ಕೊನೆಗೆ ಸ್ಕ್ರೂಡ್ರೈವರ್ ವಾಪಸು ಕೊಟ್ಟು, “ಎಲ್ಲಾ ಕಡೆ ನೋಡಿದ್ನಿ. ಎಲ್ಲೂ ಗೊತ್ತಾಗವಲ್ದು” ಎಂದ.

ಮೇಸ್ತ್ರಿ ಇಂಜಿನ್ ಆರಿಸಿದ.

“ನನಗ ಸಪ್ಪಳ ಕೇಳ್ಸಲಿಲ್ಲ. ನಿನ್ನ ಕೈ ನೋಡ್ಕೋತ ನಿಂತಿದ್ದೆ. ಕೆಳಗ ಆಯಿಲ್ ಚೇಂಬರ್ ಹತ್ರ ಎರಡು ಸಲ ಬಂತು, ಎರಡು ಸಲಾನೂ ಮುಟ್ಟದಂಗ ದಾಟಿ ಹೋತು. ಅಲ್ಲಿ ಏನೈತಿ?”

ಪೇಟಿಯವನು ತಲೆ ತಗ್ಗಿಸಿದ. ಹೆಂಡತಿಯ ಕಡೆ ನೋಡದೆ ಹೇಳಿದ. ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ದಾರಿಯಲ್ಲಿ ಆಯಿಲಿನ ಕೆಂಪು ದೀಪ ಹತ್ತಿಕೊಂಡಿತ್ತು. ಹೆಂಡತಿ ಹಿಂದೆ ಮಲಗಿದ್ದಳು. ನಿಲ್ಲಿಸಿದರೆ ಆಟಕ್ಕೆ ತಡವಾಗುತ್ತದೆ ಎಂದು ದೀಪದ ಮೇಲೆ ಒಂದು ಚೂರು ಕಾಗದ ಅಂಟಿಸಿ ಇಪ್ಪತ್ತು ಮೈಲಿ ಓಡಿಸಿದ. ಇಳಿದು ನೋಡಿದರೆ ಪೈಪು ಸೋರಿ ಆಯಿಲ್ ಬರಿದಾಗಿತ್ತು. ಪೈಪು ಬಿಗಿದು, ಹೊಸ ಆಯಿಲ್ ಸುರಿದು, ಕೈ ಒರೆಸಿಕೊಂಡ. ಮರುವಾರ ಸದ್ದು ಬಂತು. ಅದು ಕೆಳಗಿನಿಂದ ಬರುತ್ತಿದೆ ಎಂದು ಅವನ ಕಿವಿಗೆ ಮೊದಲ ದಿನವೇ ಗೊತ್ತಾಗಿತ್ತು.

“ಆಕೀ ಮನೀ ಮಾರಿಸಿದಾವ ನಾನು. ಈ ಮನೀನೂ ನಾನ ಸುಟ್ಟೆ ಅಂತ ಹೆಂಗ ಹೇಳ್ಲಿ?” ಎಂದು ಅಲ್ಲೇ ಕುಸಿದು ಕೂತ.

ಹೆಂಡತಿ ಬೈಯಲಿಲ್ಲ, ಅಳಲೂ ಇಲ್ಲ. ಬಸ್ಸಿನೊಳಗೆ ಹೋಗಿ ಒಲೆ, ಪಾತ್ರೆ, ಹಾಸಿಗೆ ಒಂದೊಂದನ್ನೇ ಇಳಿಸತೊಡಗಿದಳು. ಇಂಜಿನ್ ಬಿಚ್ಚಲು ದಿನಗಳು ಹಿಡಿಯುತ್ತವೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ಎದ್ದು ಡ್ರಮ್ಮಿನ ಇನ್ನೊಂದು ಬದಿ ಹಿಡಿದ.

ಮೇಸ್ತ್ರಿ ಚೇಂಬರ್ ಇಳಿಸಿದ. ಆಯಿಲಿಲ್ಲದೆ ಓಡಿ ಬೇರಿಂಗ್ ಸವೆದು ತಾಮ್ರದ ಚೂರುಗಳು ಆಯಿಲಿನಲ್ಲಿ ಮಿನುಗುತ್ತಿದ್ದವು. ಹಾಗೇ ಹತ್ತಿದ್ದರೆ ಅರ್ಧ ಘಟ್ಟದಲ್ಲಿ ಇಂಜಿನ್ ಒಡೆದು, ಬಸ್ಸು ಇಬ್ಬರನ್ನೂ ಹೊತ್ತು ಹಿಂದಕ್ಕೆ ಉರುಳುತ್ತಿತ್ತು ಎಂದ ಅವನು.

ಗುರುಗಳು ಕತೆ ನಿಲ್ಲಿಸಿದರು.

“ಆ ಮೇಸ್ತ್ರಿ ಭಾರಿ ಜಾಣ” ಎಂದ ಶಿಷ್ಯ. ಅವನ ಮುಖದಲ್ಲಿ ಸಣ್ಣ ನಗೆಯೂ ಬಂದಿತ್ತು.

“ನಿನ್ನನ್ನು ಇಲ್ಲಿಗೆ ಕರೆತಂದು ಬಿಟ್ಟುಹೋದ ನಿನ್ನ ಅಣ್ಣನ ಹೆಸರನ್ನು ಈ ಎಂಟು ತಿಂಗಳಲ್ಲಿ ನೀನು ಒಮ್ಮೆಯೂ ಎತ್ತಿಲ್ಲವಲ್ಲ, ಮಗು” ಎಂದರು ಗುರುಗಳು.

ಶಿಷ್ಯನ ಮುಖದ ನಗೆ ಆರಿಹೋಯಿತು.