ಉಂಡೆ ಕೋಣೆಯ ಕಾವಲು

ಚಿಕ್ಕತಾಯವ್ವನಿಗೆ ಒಬ್ಬ ಮಗ, ದೊಡ್ಡೀರ. ಆಳುದ್ದ ಬೆಳೆದಿದ್ದ, ಬುದ್ಧಿ ಮಾತ್ರ ಗೇಣುದ್ದ. ಮಗಳು ಮಂಚಮ್ಮನಿಗೆ ಮದುವೆ ಗೊತ್ತಾಗಿ, ಅವ್ವ ಕೋಣೆ ತುಂಬಾ ರವೆ ಉಂಡೆ ಕಟ್ಟಿಟ್ಟಿದ್ದಳು. ಗಂಡಿನ ಕಡೆಯವರೋ ಮಹಾ ಜಗಳಗಂಟರು! ಉಂಡೆ ಕಡಿಮೆಯಾದರೆ ಮನೆ ಮಾನ ಹೋಯಿತು ಅಂತಲೇ ಲೆಕ್ಕ.

"ಲೋ ಈರ, ಬಾಗಿಲು ಕಾಯಿ. 'ಹಾಗಲಕಾಯಿ' ಅಂದೋರಿಗೆ ಮಾತ್ರ ಚಿಲಕ ತೆಗಿ!"

"ಆಯ್ತವ್ವ!"

ನೆಂಟರ ಮಕ್ಕಳು ಬಂದವು. "ಹಾಗಲಕಾಯಿ ಅಂದ್ರೆ ತೆಗೀತೀನಿ, ಅನ್ರೋ!" ಅಂದ. ಅಂದವು. ತೆಗೆದ!

"ಅಯ್ಯೋ ಪೆದ್ದೇ! ಮಾತು ನಂಬಬೇಡ. ನನ್ನ ಕೆಂಪು ಬಾರಿನ ಮೆಟ್ಟು ಊರಲ್ಲಿ ಇನ್ಯಾರತ್ರಾನೂ ಇಲ್ಲ. ಅದನ್ನ ತಂದೋರಿಗೆ ತೆಗಿ!"

"ಆಯ್ತವ್ವ!"

ಮಧ್ಯಾಹ್ನ ಬೀದಿನಾಯಿ ಆ ಮೆಟ್ಟನ್ನು ಕಚ್ಚಿಕೊಂಡು ಬಂತು. "ಬನ್ನಿ, ಬನ್ನಿ!" ಅಂತ ಕೈಮುಗಿದು ಒಳಗೆ ಬಿಟ್ಟ. ಒಂದು ಬುಟ್ಟಿ ಉಂಡೆ ಖಾಲಿ!

"ನಿನ್ನ ಹೆತ್ತ ಹೊಟ್ಟೆಗೆ ಏನ್ ಹೇಳ್ಲೋ! ಮುಖ ನೋಡೋ, ಮುಖ! ಈಗ ನೋಡ್ತಿದೀಯಲ್ಲ, ಈ ಮುಖಕ್ಕೆ ಮಾತ್ರ ತೆಗಿ!"

"ಆಯ್ತವ್ವ!"

ಅರಿಶಿನದ ಶಾಸ್ತ್ರ ಮುಗಿಸಿ ಅವ್ವ ಬಂದಳು. ಹೆಂಗಸರು ಅವಳ ಮುಖಕ್ಕೂ ದಪ್ಪಗೆ ಬಳಿದಿದ್ದರು. "ನಮ್ಮವ್ವನ ಮುಖ ಕಪ್ಪು, ನಿಂದು ಹಳದಿ. ಹೋಗಮ್ಮ ತಾಯಿ, ಮುಂದಕ್ಕೆ!" ಬಿಸಿಲಲ್ಲೇ ನಿಲ್ಲಿಸಿದ.

ಹಣೆ ಹಣೆ ಚಚ್ಚಿಕೊಂಡಳು ಅವ್ವ. ಹೆಬ್ಬೆಟ್ಟಿಗೆ ಮಸಿ ಬಳಿದು ಬಾಗಿಲ ಪಕ್ಕ ಗೋಡೆಗೆ ಒತ್ತಿದಳು. "ಇದರ ಪಕ್ಕ ಹೆಬ್ಬೆಟ್ಟು ಒತ್ತಿಸು. ಗೆರೆಗೆ ಗೆರೆ ಕೂಡಿದ್ರೆ ತೆಗಿ. ಇಲ್ಲಾಂದ್ರೆ ನಾನೇ ಕೂಗಿದ್ರೂ ತೆಗೀಬೇಡ!"

"ಆಯ್ತವ್ವ!"

ಮದುವೆ ದಿನ ಸೋದರಮಾವ ಬಂದು ಒತ್ತಿದ. ಕೂಡಲಿಲ್ಲ, ಓಡಿಸಿದ! ಬೀಗರ ತಮ್ಮ ಒತ್ತಿದ. ಅವನನ್ನೂ ಓಡಿಸಿದ! ಅವ್ವ ಒತ್ತಿದಳು. ಕೂಡಿತು, ತೆಗೆದ! "ನನ್ನ ಬಂಗಾರವೇ, ಕೊನೆಗೂ ಬುದ್ಧಿ ಬಂತಲ್ಲೋ!" ಅಂತ ಅವ್ವ ಕಣ್ಣೊರೆಸಿಕೊಂಡು ಉಂಡೆ ತರಲು ಒಳಗೆ ಹೋದಳು. ಈರ ಹಿಂದಿನಿಂದ ಚಿಲಕ ಜಡಿದ.

ಅಷ್ಟರಲ್ಲಿ ಚಪ್ಪರದಲ್ಲಿ ಗಟ್ಟಿಮೇಳ! "ಧಾರೆಗೆ ಹೊತ್ತಾಯ್ತು, ಹೆಣ್ಣಿನ ತಾಯಿ ಎಲ್ಲಿ? ಉಂಡೆ ಎಲ್ಲಿ?" ಅಂತ ಬೀಗರು ಎಗರಾಡಿದರು.

"ಈರಾ, ಬಾಗಿಲು ತೆಗಿಯೋ!" ಒಳಗಿನಿಂದ ಅವ್ವ ದಬದಬ ಬಡಿದಳು.

"ಹೆಬ್ಬೆಟ್ಟು ಒತ್ತು!"

"ಗೋಡೆ ಹೊರಗಡೆ ಇದೆ, ನಾನು ಒಳಗಡೆ ಇದೀನಿ, ಹೆಂಗೋ ಒತ್ಲಿ?"

"ಅದಕ್ಯಾಕವ್ವ ಅಳ್ತೀಯ? ಹೊರಗೆ ಬಂದು ಒತ್ತಿ ಹೋಗು, ಆಮೇಲೆ ತೆಗೀತೀನಿ!"